ನೀರಿಲ್ಲ ಅಂತ ಕೆರೆಗಳನ್ನೇ ಅಳಿಸಿದ್ದಾರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ವಾಪಸ್ ತರುವುದು ಹೇಗೆ?

ಕೋಡಿನೀರು:
ನಮ್ಮೂರು ಕೋಲಾರ ಮತ್ತು ನರಸಾಪುರದ ಮಧ್ಯೆ. ಎರಡು ವರ್ಷದಿಂದ ಬಿಡುವಿದ್ದಾಗಲೆಲ್ಲ ಸುತ್ತಲಿನ ಕೆರೆ, ಕುಂಟೆ, ಕಾಲುವೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್) ಸೇರಿಸುತ್ತಾ ಬಂದಿದ್ದೇನೆ. ಸುಮ್ನೆ ಕಂಪ್ಯೂಟರ್ ಮುಂದೆ ಕೂತು ಹಾಕಿದ್ದಲ್ಲ, ಏರಿ ಮೇಲೆ ನಡೆದು, ತೂಬು ಎಲ್ಲಿ, ಕೋಡಿ ಎಲ್ಲಿ ಅಂತ ನೀರುಗಂಟಿಗಳನ್ನು, ಊರಿನ ಹಿರಿಯರನ್ನು ಕೇಳಿ ಹಾಕಿದ್ದು. ಮೊನ್ನೆ ನೋಡಿದರೆ ಒಂಬತ್ತರಲ್ಲಿ ಏಳು ಕೆರೆ ಇಲ್ಲ. ಉಳಿದ ಎರಡು ಪೊದೆ ಜಾಗ ಆಗಿಬಿಟ್ಟಿವೆ. ಹೊಸ ಸದಸ್ಯರೊಬ್ಬರು ಒಂದೇ ಚೇಂಜ್‌ಸೆಟ್‌ನಲ್ಲಿ (ಒಟ್ಟಿಗೆ ಸೇವ್ ಮಾಡಿದ ಬದಲಾವಣೆಗಳ ಕಟ್ಟು) ಎಲ್ಲ ಮಾಡಿ, ‘ಇಲ್ಲಿ ನೀರಿಲ್ಲ’ ಅಂತ ಬರೆದಿದ್ದಾರೆ. ತುಂಬ ಬೇಜಾರಾಯಿತು. ಬ್ರೌಸರ್‌ನಲ್ಲೇ ಮ್ಯಾಪ್ ತಿದ್ದುವ ಐಡಿ ಎಡಿಟರ್‌ನಲ್ಲಿರುವ ಅನ್‌ಡೂ ಬಟನ್ ಇನ್ನೂ ಸೇವ್ ಮಾಡದ ನನ್ನ ಕೆಲಸಕ್ಕೆ ಮಾತ್ರ ಬರುತ್ತದೆ. ಎರಡು ಕೆರೆ ಆಗಲೇ ಹೊಸದಾಗಿ ಬಿಡಿಸಿದೆ. ಉಳಿದದ್ದನ್ನೂ ಹೀಗೇ ಬಿಡಿಸಬೇಕಾ?

ಏರಿದಾರಿ:
ಬೇಡ, ಬಿಡಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಅಳಿಸಿದ ಕೆರೆ ನಿಜವಾಗಿ ಎಲ್ಲೂ ಹೋಗಿಲ್ಲ. ಪ್ರತಿ ನೋಡ್ (ಬಿಂದು), ವೇ (ಗೆರೆ ಅಥವಾ ಆಕಾರ), ರಿಲೇಷನ್‌ನ (ಇವುಗಳ ಗುಂಪು) ಹಳೆಯ ಆವೃತ್ತಿಗಳೆಲ್ಲ ಡೇಟಾಬೇಸ್‌ನಲ್ಲಿ ಇರುತ್ತವೆ, ಅಳಿಸುವುದು ಅಂದರೆ ‘ಇದು ಕಾಣಬಾರದು’ ಅಂತ ಇನ್ನೊಂದು ಆವೃತ್ತಿ ಸೇರುವುದು ಅಷ್ಟೇ. ಹಳೆಯದನ್ನೇ ಎಬ್ಬಿಸಿದರೆ ನೀವು ಹಾಕಿದ ಹೆಸರು, ಐಡಿ ನಂಬರ್, ಯಾರು ಯಾವಾಗ ಏನು ಸೇರಿಸಿದರು ಅನ್ನೋ ಚರಿತ್ರೆ ಎಲ್ಲ ಜೊತೆಗೇ ಬರುತ್ತದೆ. ಹೊಸದಾಗಿ ಬಿಡಿಸಿದರೆ ಅದೆಲ್ಲ ಕಡಿದುಹೋಗುತ್ತದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಆ ಚೇಂಜ್‌ಸೆಟ್‌ನಲ್ಲಿ ಒಳ್ಳೆಯ ಕೆಲಸ ಏನಾದರೂ ಇದೆಯಾ? ಚೇಂಜ್‌ಸೆಟ್ ಪರಿಶೀಲಿಸುವ ಓಎಸ್‌ಎಮ್‌ಚಾ ಸೈಟ್‌ನಲ್ಲಿ ಅದರ ನಂಬರ್ ಹಾಕಿ ನೋಡಿ, ಸೇರಿಸಿದ್ದು, ಬದಲಿಸಿದ್ದು, ಅಳಿಸಿದ್ದು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಕೋಡಿನೀರು:
ನೋಡಿದೆ. ನಲವತ್ತು ಮನೆ ಸೇರಿಸಿದ್ದಾರೆ, ಎಲ್ಲ ಸರಿಯಾಗಿವೆ. ಒಂದು ರಸ್ತೆಯ ಹೆಸರನ್ನೂ ತಿದ್ದಿದ್ದಾರೆ, ಅದೂ ಸರಿ.

ಏರಿದಾರಿ:
ಹಾಗಾದರೆ ಪೂರ್ತಿ ರಿವರ್ಟ್ (ಹಿಂದಿನ ಸ್ಥಿತಿಗೆ ತರುವುದು) ಮಾಡಲೇಬೇಡಿ, ಅವರ ನಲವತ್ತು ಮನೆಯೂ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಜೋಸಮ್ ಅನ್ನೋ ಮ್ಯಾಪ್ ಎಡಿಟರ್ ಹಾಕಿಕೊಂಡು, ಪ್ಲಗಿನ್ ಪಟ್ಟಿಯಲ್ಲಿ ‘ರಿವರ್ಟರ್’ ಸೇರಿಸಿ. ಆ ಪ್ರದೇಶದ ಡೇಟಾ ಡೌನ್‌ಲೋಡ್ ಮಾಡಿ, ಪೊದೆ ಅಂತ ಬದಲಾಗಿರುವ ಎರಡು ಆಕಾರಗಳನ್ನು ಸೆಲೆಕ್ಟ್ ಮಾಡಿ, ಆಮೇಲೆ ರಿವರ್ಟ್ ಚೇಂಜ್‌ಸೆಟ್ ತೆರೆದು ನಂಬರ್ ಕೊಡಿ. ಅಲ್ಲಿ ಮೂರು ಆಯ್ಕೆ ಇರುತ್ತವೆ: ಪೂರ್ತಿ, ಸೆಲೆಕ್ಟ್ ಮಾಡಿದ್ದು ಮಾತ್ರ, ಸೆಲೆಕ್ಟ್ ಮಾಡಿದ್ದರ ಜೊತೆ ಅಳಿಸಿದ್ದನ್ನೂ ವಾಪಸ್ ತರುವುದು. ನಿಮಗೆ ಬೇಕಾದದ್ದು ಮೂರನೆಯದು. ಎರಡು ಪೊದೆ ಮತ್ತೆ ಕೆರೆಯಾಗುತ್ತವೆ, ಏಳು ಕೆರೆ ಎದ್ದು ಬರುತ್ತವೆ, ಮನೆಗಳು ಇದ್ದ ಹಾಗೇ ಇರುತ್ತವೆ. ನೀವು ಹೊಸದಾಗಿ ಬಿಡಿಸಿದ ಎರಡು ಆಕಾರಗಳನ್ನು ಆಗ ಅಳಿಸಿ, ಇಲ್ಲದಿದ್ದರೆ ಒಂದೇ ಕೆರೆ ಎರಡು ಸಲ ಕೂತಿರುತ್ತದೆ. ಅಪ್‌ಲೋಡ್ ಮಾಡುವಾಗ ಯಾವ ಚೇಂಜ್‌ಸೆಟ್, ಯಾಕೆ ಅನ್ನೋದನ್ನು ಕಾಮೆಂಟ್‌ನಲ್ಲಿ ಬರೆಯಿರಿ.

ಇದೆಲ್ಲ ಮಾಡುವ ಮೊದಲು ಅವರ ಚೇಂಜ್‌ಸೆಟ್ ಕೆಳಗೆ ಎರಡು ಸಾಲು ಬರೆದು ಎರಡು ದಿನ ಕಾಯಿರಿ. ಕೆಡಿಸಬೇಕು ಅಂತ ಬಂದವರು ಕೂತು ನಲವತ್ತು ಮನೆ ಬಿಡಿಸುವುದಿಲ್ಲ. ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ನಮ್ಮ ಕಡೆಯ ಕೆರೆ ಅಂಗಳ ನೋಡಿದರೆ ಬರೀ ಜಾಲಿ ಕಾಣುತ್ತದೆ, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ರಾಗಿಕಣ:
ಒಂದು ಮಾತು ಸೇರಿಸುತ್ತೇನೆ. ಆ ಕೆರೆಗಳಿಗೆ ‘ಇಂಟರ್‌ಮಿಟೆಂಟ್’ ಟ್ಯಾಗ್ ಹಾಕಿದ್ದೀರಾ? ವರ್ಷವಿಡೀ ನೀರು ನಿಲ್ಲದ ಕೆರೆಗೆ ಅದು ಬೇಕೇ ಬೇಕು. ಅದಿದ್ದರೆ ಒಣಗಿದ ಚಿತ್ರ ನೋಡಿದವರೂ ಅಳಿಸಲು ಕೈ ಹಾಕುವುದಿಲ್ಲ. ಆದರೆ ಕಣ್ಣುಮುಚ್ಚಿ ಎಲ್ಲದಕ್ಕೂ ಹಾಕಬೇಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಲು ಶುರುವಾದ ಮೇಲೆ ಎಷ್ಟೋ ಕೆರೆಗಳ ಸ್ಥಿತಿ ಬದಲಾಗಿದೆ. ಅದಕ್ಕೂ ಹಿಂದಿನ ಚಿತ್ರ ನೋಡಿ ಈಗಿನ ಕೆರೆಯನ್ನು ಅಳೆಯುವುದು ತಪ್ಪು. ಚಿತ್ರದ ದಿನಾಂಕ ನೋಡಿ, ಸಾಧ್ಯವಾದರೆ ಹೋಗಿ ನೋಡಿ ಟ್ಯಾಗ್ ಹಾಕಿ.

ನೀರಿಲ್ಲದ ಕೆರೆಯೂ ಕೆರೆಯೇ ಅಲ್ವಾ. ಏರಿ ಇದೆ, ತೂಬು ಇದೆ, ಮೇಲಿನ ಕೆರೆ ಕೋಡಿ ಹರಿದರೆ ನೀರು ಬರುವುದು ಇಲ್ಲಿಗೇ. ಮ್ಯಾಪ್‌ನಲ್ಲಿ ಖಾಲಿ ಜಾಗ ಅಂತ ಕಂಡರೆ ನಾಳೆ ಅಲ್ಲಿ ಯಾರೋ ಸೈಟ್ ಗುರುತು ಹಾಕುತ್ತಾರೆ. ನನಗೆ ನಿಜವಾಗಿ ಭಯ ಆಗುವುದು ಅದಕ್ಕೇ.

ಕೋಡಿನೀರು:
ಆಯಿತು! ಅವರಿಗೆ ಕನ್ನಡದಲ್ಲೇ ಬರೆದೆ, ಮಾರನೆಯ ದಿನವೇ ಉತ್ತರ ಬಂತು. ಚಿತ್ರ ನೋಡಿ ಬಯಲು ಅಂದುಕೊಂಡರಂತೆ, ವಾಪಸ್ ಹಾಕಿ ಅಂದರು. ಏಳೂ ಬಂದವು. ಒಂದು ಕಡೆ ಮಾತ್ರ ಕಾನ್‌ಫ್ಲಿಕ್ಟ್ ಅಂತ ತೋರಿಸಿತು, ಏರಿ ಮೇಲಿನ ರಸ್ತೆಯನ್ನು ನಾನೇ ಆಮೇಲೆ ಸ್ವಲ್ಪ ಸರಿಸಿದ್ದೆ. ಅಲ್ಲಿ ರಸ್ತೆಯ ಈಗಿನ ಜಾಗವನ್ನೇ ಉಳಿಸಿಕೊಂಡೆ. ಐದು ಕೆರೆಗೆ ಇಂಟರ್‌ಮಿಟೆಂಟ್ ಹಾಕಿದೆ, ಉಳಿದವನ್ನು ಭಾನುವಾರ ಹೋಗಿ ನೋಡುತ್ತೇನೆ. ಆದರೆ ಒಂದು ಕೆರೆ ಮ್ಯಾಪ್‌ನಲ್ಲಿ ಇನ್ನೂ ಖಾಲಿಯೇ ಕಾಣುತ್ತಿದೆ, ಎಡಿಟರ್‌ನಲ್ಲಿ ಮಾತ್ರ ಇದೆ.

ಏರಿದಾರಿ:
ಅದು ಹಳೆಯ ಟೈಲ್ (ಮೊದಲೇ ಬಿಡಿಸಿಟ್ಟ ಮ್ಯಾಪ್ ಚಿತ್ರದ ತುಂಡು), ಡೇಟಾ ಸರಿ ಇದೆ. ಬ್ರೌಸರ್ ಕ್ಯಾಶ್ ತೆಗೆದು ನೋಡಿ. ಜೂಮ್ ತುಂಬ ಕಡಿಮೆ ಮಾಡಿ ನೋಡಿದರೆ ಬದಲಾಗಲು ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ.