'ಡೆರಿವೇಟಿವ್ ವರ್ಕ್' ಸರಿಯೋ, 'ಡಿರೈವ್ಡ್ ವರ್ಕ್' ಸರಿಯೋ?

ಪ್ರಶ್ನೆ: ಕ್ರಿಯೇಟಿವ್ ಕಾಮನ್ಸ್ (ಷರತ್ತುಗಳೊಂದಿಗೆ ಮರುಬಳಕೆಗೆ ಬಿಡುವ) ಪರವಾನಗಿಯಲ್ಲಿರುವ ಕೈಪಿಡಿಯೊಂದನ್ನು ಪರಿಷ್ಕರಿಸಿ, ಇದು ಮೂಲ ಕೃತಿಯಿಂದ ರೂಪಿಸಿದ್ದು ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕಬೇಕಿದೆ. 'ಡೆರಿವೇಟಿವ್ ವರ್ಕ್', 'ಡಿರೈವ್ಡ್ ವರ್ಕ್', 'ಡೆರಿವೇಟಿವ್ಸ್ ವರ್ಕ್' ಮೂರೂ ಬಳಕೆಯಲ್ಲಿ ಕಾಣುತ್ತವೆ. ಯಾವುದು ಸರಿ? ಜೊತೆಗೆ 'ಆಫ್' ಬರಬೇಕೋ, 'ಫ್ರಮ್' ಬರಬೇಕೋ?

ಉತ್ತರ 1: 'ಎ ಡೆರಿವೇಟಿವ್ ವರ್ಕ್ ಆಫ್' ಎಂದು ಬರೆದು ಮೂಲದ ಹೆಸರು ಹಾಕಿ. 'ಎ' ಬಿಡಬೇಡಿ. 'ವರ್ಕ್' ಎಂದರೆ ಕೆಲಸ ಎಂದಾಗ ಅದು ಎಣಿಸಲಾಗದ ನಾಮಪದ. ಇಲ್ಲಿ ಅದರ ಅರ್ಥ ಕೃತಿ, ಎಣಿಸಬಹುದು. ಬಹುವಚನದ 'ಎಸ್' ವರ್ಕ್‌ಗೆ ಮಾತ್ರ ಸೇರುತ್ತದೆ. 'ಡೆರಿವೇಟಿವ್ಸ್ ವರ್ಕ್' ಎಂದರೆ ಡೆರಿವೇಟಿವ್‌ಗಳು ಕೆಲಸ ಮಾಡುತ್ತವೆ ಎಂಬ ವಾಕ್ಯವೇ ಆಗಿಬಿಡುತ್ತದೆ! ಪರವಾನಗಿಯ ಹೆಸರಲ್ಲಿ 'ನೋ ಡೆರಿವೇಟಿವ್ಸ್' (ಮಾರ್ಪಡಿಸಿದ್ದನ್ನು ಹಂಚುವಂತಿಲ್ಲ) ಸರಿಯೇ, ಅಲ್ಲಿ ಆ ಪದ ಸ್ವತಃ ನಾಮಪದ. 'ಡಿರೈವ್ಡ್' ವ್ಯಾಕರಣಕ್ಕೆ ತಪ್ಪಲ್ಲ, ಅದಕ್ಕೆ 'ಫ್ರಮ್' ಹೊಂದುತ್ತದೆ. ಆದರೆ ಕಾನೂನಿನ ಪರಿಭಾಷೆ ಅದಲ್ಲ.

ಉತ್ತರ 2: 'ಡೆರಿವೇಟಿವ್ ವರ್ಕ್' ಎಂಬ ಪರಿಭಾಷೆ ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯ 101ನೇ ಸೆಕ್ಷನ್‌ನಲ್ಲಿದೆ. ಅನುವಾದ, ಸಂಕ್ಷಿಪ್ತರೂಪ, ನಾಟಕರೂಪ, ಚಲನಚಿತ್ರರೂಪ, ಸಂಗೀತದ ಮರುಸಂಯೋಜನೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. 103ನೇ ಸೆಕ್ಷನ್ ಪ್ರಕಾರ ಹೊಸಬರಿಗೆ ಹಕ್ಕು ಸಿಗುವುದು ತಾವು ಸೇರಿಸಿದ ಭಾಗದ ಮೇಲಷ್ಟೇ, ಮೂಲದ ಮೇಲಲ್ಲ.

ಆದರೂ ನಿಮ್ಮ ಟಿಪ್ಪಣಿಗೆ ಪರವಾನಗಿಯದೇ ಪದ ವಾಸಿ. ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿ 'ಅಡಾಪ್ಟೆಡ್ ಮೆಟೀರಿಯಲ್' (ಮಾರ್ಪಡಿಸಿದ ಕೃತಿ) ಎನ್ನುತ್ತದೆ. ಮುಕ್ತ ತಂತ್ರಾಂಶಗಳ ಪರವಾನಗಿಯಾದ ಜಿಪಿಎಲ್‌ನ 1991ರ 2ನೇ ಆವೃತ್ತಿಯಲ್ಲಿ 'ಡೆರಿವೇಟಿವ್ ವರ್ಕ್' ಇತ್ತು. 2007ರ 3ನೇ ಆವೃತ್ತಿಯ ವ್ಯಾಖ್ಯೆಯಲ್ಲಿ 'ಮಾಡಿಫೈಡ್ ವರ್ಷನ್', 'ವರ್ಕ್ ಬೇಸ್ಡ್ ಆನ್' ಎಂದಿದೆ. ಒಂದು ದೇಶದ ಕಾನೂನಿನ ಮಾತಿಗೆ ಕಟ್ಟುಬೀಳದಿರಲು ಇದು ಒಳ್ಳೆಯ ದಾರಿ.

ಪ್ರಶ್ನೆ ಕೇಳಿದವರು: ಬರೀ ಕಾಗುಣಿತ ತಿದ್ದಿ, ಪಿಡಿಎಫ್ ಮಾಡಿದರೆ?

ಉತ್ತರ 2: ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಅಡಾಪ್ಟೆಡ್ ಮೆಟೀರಿಯಲ್ ಆಗದು ಎಂದು 4.0 ಪರವಾನಗಿಯೇ ಹೇಳುತ್ತದೆ. ಕಾಗುಣಿತ ತಿದ್ದಿದ್ದೂ ಸಾಮಾನ್ಯವಾಗಿ ಹೊಸ ಕೃತಿಯಾಗುವುದಿಲ್ಲ. ಆದರೆ ತಿದ್ದಿದ್ದೀರಿ ಎಂದು ತಿಳಿಸಲೇಬೇಕು. ಅನೇಕರು ಎಡವುವುದು ಇಲ್ಲೇ.

ಉತ್ತರ 3: ಇನ್ನೊಂದು ಎಚ್ಚರ: 'ವರ್ಕ್' ಕೈಬಿಟ್ಟು 'ದಿಸ್ ಮ್ಯಾನ್ಯುಯಲ್ ಈಸ್ ಡೆರಿವೇಟಿವ್' ಎಂದು ಬರೆಯಬೇಡಿ. ಸ್ವಂತಿಕೆಯಿಲ್ಲದ್ದು ಎಂಬ ಟೀಕೆಯಾಗಿ ಓದಿಸಿಕೊಳ್ಳುತ್ತದೆ. 'ಅಡಾಪ್ಟೆಡ್ ಫ್ರಮ್' ಎಂದು ಶುರುಮಾಡಿ ಮೂಲದ ಹೆಸರು, ಕರ್ತೃ, ಕೊಂಡಿ, ಪರವಾನಗಿಯ ಆವೃತ್ತಿ ಕೊಡಿ. ಕೊನೆಗೆ ಏನು ಬದಲಾಯಿತೆಂದು ಬಿಡಿಸಿ ಬರೆಯಿರಿ: '3ನೇ ಅಧ್ಯಾಯ ಹೊಸದು, ಚಿತ್ರಗಳನ್ನು ತೆಗೆಯಲಾಗಿದೆ' ಎನ್ನುವಷ್ಟು ನಿಖರವಾಗಿ.