ಪುಟ್ಟಿಯ ಸೈಕಾಲಜಿ ವಿಚಾರಕ್ಕೆ

ದೊಡ್ಡಪ್ಪ, ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಪುಟ್ಟಿ ಪಿಯುಸಿಯಲ್ಲಿ ಸೈಕಾಲಜಿ ತೆಗೆದುಕೊಳ್ಳುತ್ತೇನೆ ಅಂದಿದ್ದಕ್ಕೆ, ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಮಾರ್ಕ್ಸ್ ಬಂದಿರೋವಾಗ ಆರ್ಟ್ಸ್ ಯಾಕೆ ಅಂತ ನಮ್ಮ ಮನೆಯ ಗ್ರೂಪಲ್ಲಿ ಕೇಳಿದ್ದೀರಿ. ಅದನ್ನೇ ಓದಿದವಳು ನಾನು, ಸುಮ್ನೆ ಇರೋಕೆ ಆಗಲಿಲ್ಲ.

ಅಕ್ಕ, ಮೊದಲು ಪುಟ್ಟಿಯನ್ನ ಒಂದು ಮಾತು ಕೇಳು. ಔಷಧಿ ಬರೆದುಕೊಡುವ ಡಾಕ್ಟರ್ ಆಗಬೇಕಾ? ಹಾಗಿದ್ದರೆ ಅದು ಸೈಕಿಯಾಟ್ರಿ. ನೀಟ್ ಬರೆದು, ಎಂಬಿಬಿಎಸ್ ಮುಗಿಸಿ, ಆಮೇಲೆ ಎಂ.ಡಿ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಈಗ ಆರ್ಟ್ಸ್‌ಗೆ ಹೋದರೆ ಆ ದಾರಿ ತಪ್ಪಿಹೋಗುತ್ತೆ. ಸೈಕಾಲಜಿಸ್ಟ್ ಆಗಬೇಕು ಅಂದರೆ ಬಿಎ ಅಥವಾ ಬಿಎಸ್ಸಿ, ಆಮೇಲೆ ಎಂಎ ಅಥವಾ ಎಂಎಸ್ಸಿ. ಮಾನಸಿಕ ಕಾಯಿಲೆ ಇರೋರಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಒಪ್ಪಿದ ತರಬೇತಿ ಮತ್ತು ಅವರ ರಿಜಿಸ್ಟ್ರೇಷನ್ ಬೇಕು. ವರ್ಷಗಟ್ಟಲೆ ಓದು, ಅದು ಮನೆಯವರಿಗೆಲ್ಲ ಗೊತ್ತಿರಲಿ.

ಸಾಮಾನ್ಯವಾಗಿ ಬಿಎಗೆ ಸೇರೋಕೆ ಪಿಯುಸಿಯಲ್ಲಿ ಸೈಕಾಲಜಿ ಓದಿರಲೇಬೇಕು ಅಂತ ಏನಿಲ್ಲ. ಅದಕ್ಕೇ ಈ ಒಂದು ವಿಷಯಕ್ಕೋಸ್ಕರ ಅವಳನ್ನ ದೂರದ ಹಾಸ್ಟೆಲ್‌ಗೆ ಹಾಕಬೇಡಿ. ಹತ್ತಿರದಲ್ಲಿ ಸಿಕ್ಕರೆ ಮಾತ್ರ ಖಂಡಿತ ಓದಲಿ.

ಯಾಕೆ ಅಂತೀರಾ? ಅವಳ ತಲೆಯಲ್ಲಿ ಸೈಕಾಲಜಿ ಅಂದರೆ ಮುಖ ನೋಡಿ ಮನಸ್ಸು ಹೇಳೋದು. ಪ್ರಾಕ್ಟಿಕಲ್‌ಗೆ ಕೂತಾಗ ಆ ಭ್ರಮೆ ಇಳಿಯುತ್ತೆ. ಮ್ಯೂಲರ್-ಲಯರ್ ಪ್ರಯೋಗ ಅಂತ ಒಂದಿದೆ. ಒಂದು ಪಟ್ಟಿಯ ಮೇಲೆ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ಗುರುತು ಒಳಮುಖ, ಇನ್ನೊಂದರಲ್ಲಿ ಹೊರಮುಖ. ಪಟ್ಟಿ ಸರಿಸಿದರೆ ಒಂದು ಗೆರೆಯ ಉದ್ದ ಬದಲಾಗುತ್ತೆ, ಎರಡೂ ಸಮ ಅನ್ನಿಸಿದಾಗ ನಿಲ್ಲಿಸಬೇಕು. ಹಿಂದೆ ತಿರುಗಿಸಿ ಸ್ಕೇಲ್ ನೋಡಿದರೆ ಇಷ್ಟು ಮಿಲಿಮೀಟರ್ ವ್ಯತ್ಯಾಸ! ಕಣ್ಣು ಮೋಸ ಹೋಗುತ್ತೆ ಅಂತ ಗೊತ್ತಿದ್ದರೂ ಮತ್ತೆ ತಪ್ಪುತ್ತೆ. ಒಂದು ಸಲ ಎಡದಿಂದ, ಒಂದು ಸಲ ಬಲದಿಂದ ಸರಿಸಿ, ಎಲ್ಲ ಬರೆದುಕೊಂಡು, ಸರಾಸರಿ ತೆಗೆದು, ರೆಕಾರ್ಡ್ ಬರೆಯಬೇಕು. ಈ ತಾಳ್ಮೆ ಅವಳಿಗೆ ಹಿಡಿಸುತ್ತಾ ಅನ್ನೋದು ಹದಿನಾರು ಹದಿನೇಳನೇ ವಯಸ್ಸಿಗೇ ಗೊತ್ತಾದರೆ ಒಳ್ಳೇದಲ್ವಾ?

ದೊಡ್ಡಪ್ಪ, ಇದೇನು ಹೊಸ ಫ್ಯಾಷನ್ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದವರು. ನಿಮ್ಹಾನ್ಸ್ ಅಂತೂ ನಮ್ಮ ಬೆಂಗಳೂರಲ್ಲೇ ಇದೆ.

ಅಕ್ಕ, ಇನ್ನೊಂದು. ಅವಳ ಮನಸ್ಸಿಗೇ ಏನಾದರೂ ಕಷ್ಟ ಇದ್ದು ಈ ಕಡೆ ವಾಲಿದ್ದರೆ, ಕ್ಲಾಸಿನ ಪಾಠ ಅದಕ್ಕೆ ಮದ್ದಲ್ಲ. ಟೆಲಿ-ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಪಕ್ಕದಲ್ಲಿ ಕೂತು ಮೆತ್ತಗೆ ಕೇಳು, ಬೈಯಬೇಡ.

ಕಾಲೇಜಿಗೆ ಫೀಸ್ ಕಟ್ಟೋ ಮುಂಚೆ ಸೈಕಾಲಜಿಗೆ ಕಾಯಂ ಲೆಕ್ಚರರ್ ಇದ್ದಾರಾ, ಲ್ಯಾಬ್ ಇದೆಯಾ ಕೇಳಿ. ಪ್ರಾಸ್ಪೆಕ್ಟಸ್ ಫೋಟೋ ಇಲ್ಲೇ ಗ್ರೂಪಿಗೆ ಹಾಕು ಅಕ್ಕ, ರಾತ್ರಿ ನೋಡಿ ಹೇಳುತ್ತೇನೆ.