‘ಬೆಂಬಲವಿಲ್ಲದ’ ಎಂದರೆ ಏನೆಂದು ತಿಳಿಯಬೇಕು? ಹಳೆಯ ಉಪಕರಣಗಳ ಮೇಲೆ ಅಂಟಿಸುವ ಚೀಟಿಗೆ ಒಂದು ಪದ ಬೇಕಾಗಿದೆ

ಬಲ್ಲವರಲ್ಲಿ ಒಂದು ಕೇಳಿಕೆ. ಪ್ರಯೋಗಾಲಯವೊಂದರಲ್ಲಿ ಪರೀಕ್ಷೆ ಮತ್ತು ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಸಿಲೋಸ್ಕೋಪ್, ಸ್ಪೆಕ್ಟ್ರಂ ಅನಲೈಸರ್ ಮುಂತಾದವು. ಹೊರಗಿನಿಂದ ನೋಡಿದರೆ ಗುಂಡಿ, ತಿರುಗಣೆ, ಪರದೆ ಇರುವ ಪೆಟ್ಟಿಗೆಗಳು. ಒಳಗೆ ಮಾತ್ರ ಇವುಗಳಲ್ಲಿ ಹಲವು ಹಳೆಯ ವಿಂಡೋಸ್ ಓಡಿಸುವ ಕಂಪ್ಯೂಟರ್‌ಗಳೇ. ಇವುಗಳನ್ನು ಜಾಲದಿಂದ ಬರುವ ಅಪಾಯಗಳಿಂದ ಕಾಯುವ ಬಗೆಯನ್ನು ಸಿಬ್ಬಂದಿಗೆ ತಿಳಿಸಲು ಕನ್ನಡದಲ್ಲಿ ನಾಲ್ಕು ಪುಟದ ಸೂಚನೆ ಬರೆಯಲು ಕುಳಿತೆ. ಮೊದಲ ಸಾಲು ಇನ್ನೂ ಮುಗಿದಿಲ್ಲ.

ಕಾರಣ, ‘ಬೆಂಬಲವಿಲ್ಲದ ಕಾರ್ಯಾಚರಣಾ ವ್ಯವಸ್ಥೆ’ ಎಂಬ ಪದಪುಂಜ. ‘ಕಾರ್ಯಾಚರಣಾ ವ್ಯವಸ್ಥೆ’ಯ ಬಗ್ಗೆ ನನಗೆ ಜಗಳವಿಲ್ಲ, ನಮ್ಮಲ್ಲಿ ಎಲ್ಲರೂ ಆಪರೇಟಿಂಗ್ ಸಿಸ್ಟಂ ಎಂದೇ ಅನ್ನುತ್ತಾರೆ, ಹಾಗೆಯೇ ಬರೆಯುತ್ತೇನೆ. ತೊಡಕಿರುವುದು ‘ಬೆಂಬಲವಿಲ್ಲದ’ ಎಂಬಲ್ಲಿ. ಇಂಗ್ಲಿಷಿನ ‘ಅನ್‌ಸಪೋರ್ಟೆಡ್’ ಎಂಬುದರ ಅನುವಾದ ಇದು; ಸಿಸ್ಟಂ ತಯಾರಿಸಿದವರು ಅದರ ದೋಷಗಳನ್ನು ಸರಿಪಡಿಸಿ ಕೊಡುವುದನ್ನು ನಿಲ್ಲಿಸಿದ್ದಾರೆ ಎಂದು ಅರ್ಥ. ಇದು ಪದಶುದ್ಧಿಯ ಗೀಳು ಎಂದು ಯಾರಾದರೂ ಅಂದುಕೊಳ್ಳುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಸೂಚನೆ ಬರೆಯುವುದಕ್ಕೆ ಮೊದಲು, ಅಂಥ ಉಪಕರಣಗಳನ್ನು ಗುರುತಿಸಿ ಒಂದೊಂದರ ಮೇಲೂ ಹಳದಿ ಚೀಟಿ ಅಂಟಿಸಿದ್ದೆ: ‘ಬೆಂಬಲವಿಲ್ಲ’. ಒಂದು ಮಧ್ಯಾಹ್ನ ಹೊರಗೆ ಹೋಗಿ ಬರುವಷ್ಟರಲ್ಲಿ, ಹೊಸದಾಗಿ ಸೇರಿದ ಹುಡುಗ ಅನಲೈಸರಿನ ಮುಂದೆ ಶ್ರದ್ಧೆಯಿಂದ ಕುಳಿತಿದ್ದಾನೆ. ಅಳತೆಯ ತಂತ್ರಾಂಶವನ್ನು ಮುಚ್ಚಿದ್ದ. ಪರದೆಯ ತುಂಬ ವಿಂಡೋಸ್ ಎಕ್ಸ್‌ಪಿಯ ಆ ಹಸಿರು ಗುಡ್ಡ, ನೀಲಿ ಆಕಾಶ. ಪಕ್ಕದ ಮೇಜಿನ ನೆಟ್‌ವರ್ಕ್ ಕೇಬಲ್ ಕಿತ್ತು ತಂದು ಇದಕ್ಕೆ ಚುಚ್ಚಿದ್ದ. ಅಪ್‌ಡೇಟ್ ಹುಡುಕುವ ಪಟ್ಟಿ ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಹರಿದಾಡುತ್ತಿತ್ತು. ‘ಮೇಡಂ, ಬೆಂಬಲ ಇಲ್ಲ ಎಂದು ಬರೆದಿತ್ತು. ಅದಕ್ಕೇ ಹುಡುಕುತ್ತಿದ್ದೇನೆ’ ಎಂದ. ನಾನು ಏನನ್ನು ಮಾಡಬೇಡಿ ಎಂದು ಚೀಟಿ ಅಂಟಿಸಿದ್ದೆನೋ ಅದನ್ನೇ, ಚೀಟಿಯನ್ನು ಓದಿಯೇ, ಮಾಡಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕನ್ನಡ ಬಲ್ಲವನು ಆ ಚೀಟಿಯನ್ನು ಬೇರೆ ಹೇಗೆ ಓದಬೇಕಿತ್ತು?

ಬೆಂಬಲ ಎಂದರೆ ಬೆನ್ನಿಗಿರುವ ಬಲ. ಬೆಂಗಾವಲು, ಬೆಂಬತ್ತು ಇವುಗಳ ಮನೆತನದ ಮಾತು. ಬೆಂಬಲ ಇಲ್ಲ ಎಂದಾಗ ಕೇಳುವ ಕಿವಿಗೆ ‘ಪಾಪ, ಯಾರಾದರೂ ಕೊಡಬೇಕು’ ಎಂದು ತೋರುತ್ತದೆ. ಅಭ್ಯರ್ಥಿಗೆ ಬೆಂಬಲವಿಲ್ಲ, ಬೆಳೆಗೆ ಬೆಂಬಲ ಬೆಲೆ ಇಲ್ಲ: ಎರಡರಲ್ಲೂ ಆ ಕೊರತೆಯನ್ನು ತುಂಬಬಹುದು, ತುಂಬಬೇಕು ಎಂಬ ಧ್ವನಿ ಇದೆ. ಉಪಕರಣದೊಳಗಿನ ಎಕ್ಸ್‌ಪಿಯ ವಿಷಯದಲ್ಲಿ ಆ ಕೊರತೆಯನ್ನು ನಾವು ಯಾರೂ ತುಂಬುವ ಹಾಗಿಲ್ಲ. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್‌ನವರೇ 2014ರ ಏಪ್ರಿಲ್ 8ಕ್ಕೆ ಅದರ ಆರೈಕೆಯನ್ನು ನಿಲ್ಲಿಸಿದರು. ವಿಂಡೋಸ್ 7ರ ಸರದಿ 2020ರ ಜನವರಿ 14ಕ್ಕೆ ಬಂತು, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ಹೀಗಾಗಿ ನನ್ನ ಚೀಟಿಗಳ ಸಂಖ್ಯೆ ಕಡಿಮೆಯಾಗುವ ಲಕ್ಷಣವಿಲ್ಲ.

‘ಬೆಂಬಲಿಸದ’ ಎಂದು ಬರೆದರೆ ಇನ್ನೂ ಕಷ್ಟ. ನಮ್ಮ ಕೃದಂತಗಳು ಮಾಡುವವರು ಯಾರು, ಮಾಡಿಸಿಕೊಂಡವರು ಯಾರು ಎಂದು ಹೇಳದೆಯೇ ನಾಮಪದಕ್ಕೆ ಅಂಟಿಕೊಳ್ಳುತ್ತವೆ. ‘ಓದಿದ ಹುಡುಗ’ ಎನ್ನುವಾಗ ಹುಡುಗ ಓದಿದವನು, ‘ಓದಿದ ಪುಸ್ತಕ’ ಎನ್ನುವಾಗ ಪುಸ್ತಕ ಓದಿಸಿಕೊಂಡದ್ದು, ಲೋಕಜ್ಞಾನವಿರುವುದರಿಂದ ಗೊಂದಲವಿಲ್ಲ. ‘ಬೆಂಬಲಿಸದ ಸಿಸ್ಟಂ’ ಎನ್ನುವಲ್ಲಿ ಆ ಲೋಕಜ್ಞಾನ ಕೈಕೊಡುತ್ತದೆ. ಅದು ಯಾವುದನ್ನೋ ಬೆಂಬಲಿಸುತ್ತಿಲ್ಲವೇ, ಅದನ್ನು ಯಾರೋ ಬೆಂಬಲಿಸುತ್ತಿಲ್ಲವೇ? ‘ಈ ಪ್ರಿಂಟರನ್ನು ಬೆಂಬಲಿಸದ ಸಿಸ್ಟಂ’ ಎಂಬುದು ಇಂದು ಸಾಮಾನ್ಯ ಬಳಕೆ, ಆದ್ದರಿಂದ ಓದುಗರು ಮೊದಲ ಅರ್ಥಕ್ಕೇ ಹೋಗುತ್ತಾರೆ.

ಇನ್ನೊಂದು ಕೊರತೆ ಕಾಲದ್ದು. ‘ಇಲ್ಲದ’ ಎಂಬುದಕ್ಕೆ ಕಾಲವೇ ಇಲ್ಲ. ಬೆಂಬಲ ಎಂದೂ ಇರಲಿಲ್ಲವೋ, ಇದ್ದದ್ದು ಹೋಯಿತೋ ತಿಳಿಯದು. ನಮಗೆ ಬೇಕಾದ ಅರ್ಥದ ತಿರುಳೇ ‘ಇದ್ದದ್ದು ನಿಂತುಹೋಯಿತು’ ಎಂಬುದು. ಆದ್ದರಿಂದ ‘ಬೆಂಬಲ ನಿಂತ’ ಅಥವಾ ‘ಆರೈಕೆ ನಿಂತ’ ಎಂಬುದರ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ‘ನಿಲ್ಲಿಸಿದ’ ಎಂದರೆ ಮತ್ತೆ ಯಾರು ನಿಲ್ಲಿಸಿದರು ಎಂಬ ಪ್ರಶ್ನೆ. ‘ನಿಂತ’ ಎಂದರೆ ಮಳೆ ನಿಂತ ಹಾಗೆ, ವಾಸ್ತವದ ವರದಿಯಷ್ಟೇ.

‘ಅವಧಿ ಮೀರಿದ’ ಎಂದು ಬರೆಯಿರಿ ಎಂದು ಒಬ್ಬ ಹಿರಿಯ ಸಹೋದ್ಯೋಗಿ ಸೂಚಿಸಿದರು. ಪ್ರಯೋಗಾಲಯದ ಹೊರಗೆ ಇದು ಒಳ್ಳೆಯ ಮಾತು. ಒಳಗೆ ಇದು ಅನಾಹುತ. ನಮ್ಮಲ್ಲಿ ಪ್ರತಿ ಉಪಕರಣದ ಮೇಲೂ ಕ್ಯಾಲಿಬ್ರೇಷನ್ ಚೀಟಿ ಇರುತ್ತದೆ: ಯಾವ ದಿನ ಸರಿನೋಡಿದ್ದು, ಮತ್ತೆ ಯಾವ ದಿನದೊಳಗೆ ನೋಡಬೇಕು ಎಂದು. ಆ ದಿನ ದಾಟಿದ ಉಪಕರಣದ ಅಳತೆಯನ್ನು ಯಾರೂ ಒಪ್ಪುವುದಿಲ್ಲ. ಅದರ ಪಕ್ಕದಲ್ಲೇ ನಾನು ‘ಅವಧಿ ಮೀರಿದೆ’ ಎಂದು ಅಂಟಿಸಿದರೆ, ಚೆನ್ನಾಗಿ ಅಳೆಯುತ್ತಿರುವ ಉಪಕರಣವನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ‘ಹಳೆಯ’ ಎಂಬುದೂ ಆಗದು. ಈ ಅನಲೈಸರ್ ಇಂದಿಗೂ ಕೊಂಡ ದಿನದಷ್ಟೇ ಕರಾರುವಾಕ್ಕಾಗಿ ಅಳೆಯುತ್ತದೆ. ಅಳೆಯುವ ಭಾಗ ಮುದಿಯಾಗಿಲ್ಲ, ಅದರ ಹೊಟ್ಟೆಯಲ್ಲಿರುವ ಸಿಸ್ಟಂಗೆ ದಿಕ್ಕಿಲ್ಲ. ಸಿಸ್ಟಂ ಬದಲಿಸೋಣವೆಂದರೆ ಅಳತೆಯ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹೊಸ ವಿಂಡೋಸ್‌ಗೆ ಬಂದೇ ಇಲ್ಲ. ‘ದಿಕ್ಕಿಲ್ಲದ ಸಿಸ್ಟಂ’ ಎಂದೇ ಒಮ್ಮೆ ಬರೆದು ನೋಡಿದೆ. ಅರ್ಥ ಸರಿಯಿದೆ, ಆದರೆ ಓದಿದವರು ನಗುತ್ತಾರೆ.

ಇಷ್ಟರಲ್ಲಿ ಇನ್ನೊಂದು ಪದಕ್ಕೆ ಹೊರಳಬೇಕು, ಏಕೆಂದರೆ ನನ್ನ ಮಟ್ಟಿಗೆ ದಾರಿ ತೋರಿಸಿದ್ದು ಅದೇ. ಪ್ಯಾಚ್, ಅಂದರೆ ಸಿಸ್ಟಂನ ದೋಷ ಮುಚ್ಚಲು ತಯಾರಕರು ಕಳಿಸುವ ಸಣ್ಣ ತಿದ್ದುಪಡಿ, ಎಂಬುದಕ್ಕೆ ‘ತೇಪೆ’ ಎಂದು ಬರೆಯಲು ಮೊದಲು ಹಿಂಜರಿದೆ. ತೇಪೆ ಹಚ್ಚುವುದು ಎಂದರೆ ಕನ್ನಡದಲ್ಲಿ ಹುಳುಕು ಮುಚ್ಚುವ ಕೆಲಸ, ಹೊಗಳಿಕೆಯ ಮಾತಲ್ಲ. ಆದರೆ ಸಿಬ್ಬಂದಿ ಬಳಸುವ ಅಪ್‌ಡೇಟ್ ಎಂಬ ಮಾತಿನಲ್ಲಿ ಹೊಸ ಬಣ್ಣ, ಹೊಸ ಸೌಕರ್ಯ ಎಲ್ಲವೂ ಸೇರಿಹೋಗಿದೆ. ತೂತು ಮುಚ್ಚುವುದು ಎಂಬ ಅರ್ಥ ಮರೆಯಾಗಿದೆ. ತೇಪೆ ಎಂದರೆ ತೂತು ಕಣ್ಣಿಗೆ ಬರುತ್ತದೆ. ಬಟ್ಟೆ ಅದೇ, ಅಳತೆ ಅದೇ, ಹರಿದಲ್ಲಿ ಮಾತ್ರ ಒಂದು ತುಂಡು. ಈಗ ಈ ಪದವನ್ನು ಬಿಡುವ ಮನಸ್ಸಿಲ್ಲ.

ತೇಪೆಯನ್ನು ಇಟ್ಟುಕೊಂಡ ಮೇಲೆ ಕನ್ನಡದ ನಿಷೇಧ ರೂಪಗಳೇ ಕೆಲಸ ಮಾಡಿಕೊಟ್ಟವು. ನಾವು ಒಂದೇ ಚೀಟಿಯಡಿ ತುರುಕುತ್ತಿದ್ದದ್ದು ನಿಜಕ್ಕೂ ಮೂರು ಬೇರೆ ಸ್ಥಿತಿಗಳು: ತೇಪೆ ಬಾರದ, ತೇಪೆ ಹಾಕದ, ತೇಪೆ ಹಾಕಬಾರದ. ಮೊದಲನೆಯದಕ್ಕೆ ತಯಾರಕರಿಂದ ತೇಪೆ ಬರುವುದೇ ನಿಂತಿದೆ. ಎರಡನೆಯದಕ್ಕೆ ಬಂದಿದೆ, ನಾವು ಹಾಕಿಲ್ಲ. ಮೂರನೆಯದಕ್ಕೂ ಬಂದಿದೆ, ಆದರೆ ಹಾಕಿದರೆ ಅಳತೆಯ ತಂತ್ರಾಂಶ ಕೆಡಬಹುದು, ಉಪಕರಣ ತಯಾರಿಸಿದವರು ಪರೀಕ್ಷಿಸಿ ಒಪ್ಪುವವರೆಗೆ ಮುಟ್ಟುವಂತಿಲ್ಲ.

ಈ ಭೇದ ಬರೀ ವ್ಯಾಕರಣದ್ದಲ್ಲ. 2017ರ ಮೇ 12ರಂದು ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಪಿಡುಗು ಹಬ್ಬಿದಾಗ ಎಲ್ಲರ ಬಾಯಲ್ಲೂ ಎಕ್ಸ್‌ಪಿಯ ಮೇಲೇ ದೂರು. ಆದರೆ ಅದಕ್ಕೆ ಸಿಕ್ಕಿದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7. ಆಗ ಅದಕ್ಕೆ ಬೆಂಬಲವಿತ್ತು, ಬೇಕಾದ ತೇಪೆ ಮಾರ್ಚ್ 14ರಂದೇ ಬಂದಿತ್ತು. ಅವು ತೇಪೆ ಬಾರದವಲ್ಲ, ಹಾಕದವು. ಇತ್ತ, ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆ ಪಿಡುಗಿನ ಬೆನ್ನಿಗೇ ಮೈಕ್ರೋಸಾಫ್ಟ್ ಒಂದು ತೇಪೆ ಕೊಟ್ಟಿತು; 2019ರ ಮೇ ತಿಂಗಳಲ್ಲಿ ಇನ್ನೊಮ್ಮೆ. ಹಾಗಾಗಿ ‘ಕೈಬಿಟ್ಟ ಸಿಸ್ಟಂ’ ಎಂಬ ಸಲಹೆಯನ್ನೂ ನಾನು ಒಪ್ಪಲಾರೆ. ಕೈಬಿಟ್ಟವರು ಮತ್ತೆ ಬಂದು ನೋಡಿಹೋದದ್ದುಂಟು, ಆ ತೇಪೆಗಳನ್ನು ಹಾಕಿಕೊಳ್ಳಬೇಕಾದ್ದೂ ಉಂಟು. ವನ್ನಾಕ್ರೈ ನುಗ್ಗಿದ್ದು ಫೈಲ್ ಹಂಚಿಕೊಳ್ಳುವ ಹಳೆಯ ಪದ್ಧತಿಯ ದೋಷದ ಮೂಲಕ. ಅಳತೆಯ ಫಲಿತಾಂಶಗಳನ್ನು ಎಲ್ಲರಿಗೂ ಸಿಗಲೆಂದು ಹಂಚಿದ ಫೋಲ್ಡರಿನಲ್ಲಿ ಇಡುವ ಪ್ರಯೋಗಾಲಯಗಳಲ್ಲಿ ತೆರೆದಿರುವುದೂ ಅದೇ ಬಾಗಿಲು.

ಮುಂದಿನ ಪುಟ ಏನು ಮಾಡಬೇಕೆಂಬುದರದು. ಅಲ್ಲಿ ಪದಗಳು ಇನ್ನೂ ತುಂಟವಾಗಿವೆ. ಫೈರ್‌ವಾಲ್‌ಗೆ ‘ಬೆಂಕಿಗೋಡೆ’ ಎಂದು ಯಾರೋ ಬಳಸಿದ್ದನ್ನು ಕಂಡಿದ್ದೇನೆ. ದ್ರಾವಕಗಳು, ಅನಿಲದ ಸಿಲಿಂಡರುಗಳು ಇರುವ ಕೋಣೆಯ ಸೂಚನೆಯಲ್ಲಿ ಬೆಂಕಿಗೋಡೆ ಎಂದು ಬರೆದರೆ ಓದುವವರು ನಿಜವಾದ ಬೆಂಕಿಯನ್ನೇ ನೆನೆಯುತ್ತಾರೆ. ಫೈರ್‌ವಾಲ್ ಎಂದೇ ಇರಲಿ. ಆದರೆ ಒಂದೊಂದು ಉಪಕರಣಕ್ಕೂ ಜೊತೆಗಿಡುವ ಚಿಕ್ಕ ಫೈರ್‌ವಾಲ್ ಪೆಟ್ಟಿಗೆಗೆ, ಅಂದರೆ ಉಪಕರಣ ಹೊರಜಾಲದೊಡನೆ ಆಡುವ ಪ್ರತಿ ಮಾತೂ ತನ್ನ ಮೂಲಕವೇ ಹೋಗುವಂತೆ ನೋಡಿಕೊಂಡು, ಗೊತ್ತುಪಡಿಸಿದ ಒಂದೆರಡು ವಿಳಾಸಗಳನ್ನು ಬಿಟ್ಟು ಉಳಿದುದನ್ನು ತಡೆಯುವ ಪೆಟ್ಟಿಗೆಗೆ, ‘ಬೆಂಗಾವಲು’ ಎಂಬ ಹೆಸರು ನನಗೆ ಬಹಳ ಹಿಡಿಸಿದೆ. ಬೆಂಬಲ ಹೋದ ಮೇಲೆ ಬೆಂಗಾವಲು ಇಡಬೇಕು ಎಂದರೆ ಸಿಬ್ಬಂದಿಗೆ ಒಂದೇ ಉಸಿರಿನಲ್ಲಿ ತಿಳಿಯುತ್ತದೆ.

‘ಸಂಪರ್ಕ ತಪ್ಪಿಸಿ’ ಎಂಬುದೂ ಅಪಾಯದ ಮಾತೇ. ನಮ್ಮ ಅನಲೈಸರಿನ ಬೆನ್ನಿಗೆ ಎರಡು ಕೇಬಲ್ಲುಗಳಿವೆ. ಒಂದು ನೆಟ್‌ವರ್ಕಿನದು, ತೆಳು. ಇನ್ನೊಂದು ಜಿಪಿಐಬಿ: ಹೆಬ್ಬೆರಳು ದಪ್ಪದ್ದು, ಎರಡು ಕಡೆ ತಿರುಪಿನಿಂದ ಬಿಗಿಯುವಂಥದ್ದು, 1975ರಲ್ಲೇ ಮಾನಕವಾದದ್ದು. ಈ ದಪ್ಪ ಕೇಬಲ್ ಪಕ್ಕದ ಕಂಪ್ಯೂಟರಿಗೆ ಅಳತೆಗಳನ್ನು ಒಯ್ಯುತ್ತದೆ. ಇಂಟರ್‌ನೆಟ್ಟಿನ ಪಿಡುಗುಗಳಿಗೆ ಇದರೊಳಗೆ ದಾರಿ ಇಲ್ಲ. ‘ಸಂಪರ್ಕ ತಪ್ಪಿಸಿ’ ಎಂದು ಓದಿದವರು ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ಕೀಳುತ್ತಾರೆ, ತೆಳ್ಳಗಿನದನ್ನು ಬಿಡುತ್ತಾರೆ. ಆದ್ದರಿಂದ ‘ಜಾಲದ ನಂಟು ಕಡಿಯಿರಿ, ಜಿಪಿಐಬಿ ಕೇಬಲ್ ಇರಲಿ’ ಎಂದೇ ಬರೆದಿದ್ದೇನೆ.

ಪೂರ್ತಿ ನಂಟು ಕಡಿದ ಉಪಕರಣಕ್ಕೆ ಒಂದು ವಿಶೇಷಣ ಬೇಕು. ಜಾಲಮುಕ್ತ ಎನ್ನಲು ಮನಸ್ಸಿಲ್ಲ. ‘ಮುಕ್ತ’ ಎಂಬುದಕ್ಕೆ ತೆರೆದ ಎಂಬ ಅರ್ಥವೂ ಇರುವುದರಿಂದ ‘ಜಾಲಕ್ಕೆ ತೆರೆದದ್ದು’ ಎಂದು ತಲೆಕೆಳಗಾಗಿ ಓದುವವರು ಸಿಗಬಹುದು. ‘ಜಾಲಬಾಹಿರ’ ಎಂದರೆ ಜಾಲವೇ ಅದನ್ನು ಹೊರಹಾಕಿದಂತೆ. ‘ಒಂಟಿ ಉಪಕರಣ’ ಎಂಬುದು ಸರಳವಾಗಿದೆ, ಆದರೆ ಅದರಲ್ಲಿ ನೆಮ್ಮದಿಯ ಧ್ವನಿ ಹೆಚ್ಚು. ಒಂಟಿಯಾಗಿದ್ದರೂ ಪೆನ್ ಡ್ರೈವ್ ಬರುತ್ತದೆಯಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಪಿಡುಗು ಜಾಲವಿಲ್ಲದ ಯಂತ್ರಗಳನ್ನು ತಲುಪಿದ್ದು ಅದೇ ದಾರಿಯಲ್ಲಿ. ನಮ್ಮಲ್ಲಿ ಫಲಿತಾಂಶ ಒಯ್ಯುವ ಪೆನ್ ಡ್ರೈವಿನಲ್ಲೇ ಮದುವೆಯ ಫೋಟೋಗಳೂ ಇರುತ್ತವೆ. ಇದಕ್ಕೆ ಪದದಲ್ಲಿ ಪರಿಹಾರವಿಲ್ಲ. ಉಪಕರಣಗಳಿಗೆಂದೇ ಮೀಸಲಾದ, ಬೇರೆ ಕಂಪ್ಯೂಟರಿನಲ್ಲಿ ತಪಾಸಣೆಯಾದ ಪೆನ್ ಡ್ರೈವ್ ಮಾತ್ರ ಬಳಸಿ ಎಂದು ಉದ್ದಕ್ಕೆ ಬರೆದುಬಿಟ್ಟೆ.

ಶೀರ್ಷಿಕೆಯ ಬಗ್ಗೆ ಒಂದು ಮಾತು. ‘ಉಪಕರಣಗಳ ಸುರಕ್ಷತೆ’ ಎಂದಿದ್ದೆ. ಪ್ರಯೋಗಾಲಯದಲ್ಲಿ ಸುರಕ್ಷತೆ ಎಂದರೆ ಕನ್ನಡಕ, ಕೈಗವಸು, ಅಗ್ನಿಶಾಮಕ. ‘ಭದ್ರತೆ’ ಎಂದರೆ ಗೇಟಿನಲ್ಲಿ ನಿಂತವರು. ‘ಭದ್ರಪಡಿಸಿ’ ಎಂದರೆ ತಿರುಪು ಬಿಗಿ ಮಾಡುತ್ತಾರೆ. ಕೊನೆಗೆ ‘ಉಪಕರಣಗಳ ಕಾವಲು’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಅನುಮತಿ ಇರುವ ತಂತ್ರಾಂಶಗಳ ಪಟ್ಟಿಗೆ ‘ಬಿಳಿಪಟ್ಟಿ’ ಬೇಡ, ‘ಅನುಮತಿ ಪಟ್ಟಿ’ ಸಾಕು ಎಂಬುದು ನನ್ನ ತೀರ್ಮಾನ. ಕಪ್ಪುಪಟ್ಟಿ ಕನ್ನಡಕ್ಕೆ ಇಳಿದಿದೆ, ಬಿಳಿಪಟ್ಟಿ ಇಳಿದಿಲ್ಲ.

ಈಗ ಕೇಳಬೇಕಾದದ್ದು ಇಷ್ಟು. ಹೊಸ ಚೀಟಿಯ ಅಗಲ ಎರಡು ಬೆರಳು, ಮೂರು ಸಾಲು ಹಿಡಿಯುತ್ತದೆ. ಸದ್ಯಕ್ಕೆ ಬರೆದಿರುವುದು: ‘ಅಳತೆ ಸರಿಯಿದೆ. ಸಿಸ್ಟಂಗೆ ತೇಪೆ ಬಾರದು. ಜಾಲಕ್ಕೆ ಸೇರಿಸಬೇಡಿ.’ ನಡುವಿನ ಸಾಲಿನ ಮೇಲೆ ನನಗೆ ಅನುಮಾನ. ‘ಬಾರದು’ ಎಂಬುದನ್ನು ‘ಬರುವುದಿಲ್ಲ’ ಎಂದು ಓದದೆ, ‘ಮಾಡಬಾರದು’ ಎಂಬಲ್ಲಿನ ‘ಕೂಡದು’ ಎಂಬ ಅರ್ಥದಲ್ಲಿ ಓದುವವರಿದ್ದರೆ, ನಾನೇ ಕಷ್ಟಪಟ್ಟು ಬೇರ್ಪಡಿಸಿದ ಮೊದಲನೆಯ ಮತ್ತು ಮೂರನೆಯ ಸ್ಥಿತಿಗಳು ಮತ್ತೆ ಕಲಸಿಹೋಗುತ್ತವೆ. ‘ತೇಪೆ ಬರುವುದು ನಿಂತಿದೆ’ ಎಂದರೆ ಸ್ಪಷ್ಟವಾಗುತ್ತದೆ, ಆದರೆ ಸಾಲು ಚೀಟಿಯ ಅಂಚು ದಾಟುತ್ತದೆ. ಆ ಹುಡುಗನಿಗೆ ಎರಡನ್ನೂ ತೋರಿಸಿದೆ. ‘ತೇಪೆ ನಿಂತಿದೆ’ ಎಂದರೆ ಸಾಲದೇ ಮೇಡಂ ಎಂದ. ಸಾಲುತ್ತದೆಯೇ?